ನಾದಿರ್ ಸಾಹೇಬರ ತಮ್ಮ ಹೇಳಿದ ಮಾತು

ಕೋವಿಡ್ ಮುಗಿದ ಮರುವರ್ಷ ನಾನು ನವಿ ಮುಂಬಯಿಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಆಗಿದ್ದೆ. ರೋಗಿಗೂ ಮನೆಯವರಿಗೂ ನಡುವೆ ಮಾತು ತಲುಪಿಸುವುದು, ದಿಕ್ಕಿಲ್ಲದವರ ಬಂಧುಗಳನ್ನು ಹುಡುಕುವುದು ನನ್ನ ಕೆಲಸ. ಡೊಂಬಿವಲಿಯಿಂದ ದಿನಾ ಹೋಗಿ ಬರುತ್ತಿದ್ದೆ, ನಿವೃತ್ತಿ ಹತ್ತಿರವಿತ್ತು.

ಆ ಮಳೆಗಾಲದಲ್ಲಿ ಕಾಮೋಠೆಯಿಂದ ನಾದಿರ್ ಸಾಹೇಬರು ಅಡ್ಮಿಟ್ ಆದರು. ಎಂಬತ್ತರ ಆಸುಪಾಸಿನ ವಿದೇಶಿ. ಲಿವರ್ ಕ್ಯಾನ್ಸರ್ ಕೊನೆಯ ಹಂತದಲ್ಲಿತ್ತು. ಕರೆತಂದವರು ಅವರ ಮನೆಯ ಓನರ್, ಕಾರ್ಕಳ ಕಡೆಯ ವಾರಿಜಕ್ಕ.

"ತುಂಬ ವರ್ಷದಿಂದ ನಮ್ಮ ಮೇಲಿನ ರೂಮಿನಲ್ಲಿ ಇದ್ದಾರೆ ಮೇಡಂ. ಮಕ್ಕಳಿಗೆ ಫ್ರೆಂಚ್ ಟ್ಯೂಷನ್ ಕೊಡ್ತಾರೆ. ನೆಂಟರು ಅಂತ ಒಬ್ಬರೂ ಬಂದದ್ದು ನಾನು ಕಾಣ್ಲಿಲ್ಲ" ಎಂದರು.

ಅವರ ದೇಶದ ಹೆಸರು ಇಲ್ಲಿ ಬೇಡ. ಅಲ್ಲಿ ಕ್ರಾಂತಿಯಾದಾಗ ಅವರು ಯುರೋಪಿನ ಒಂದು ರಾಜಧಾನಿಯಲ್ಲಿ ರಾಯಭಾರ ಕಚೇರಿಯ ಕಾರ್ಯದರ್ಶಿ. ದೊಡ್ಡ ಜಮೀನ್ದಾರರ ಹಿರಿಮಗನಾದರೂ ಕ್ರಾಂತಿಯನ್ನು ಮನಸಾರೆ ನಂಬಿದ್ದರು. ಆ ಸರ್ಕಾರವೂ ಉರುಳಿದಾಗ ಊರಿಗೆ ಮರಳುವಂತಿರಲಿಲ್ಲ, ಭಾರತಕ್ಕೆ ಬಂದರು. ಮದುವೆಯಾಗಲಿಲ್ಲ. ಇಷ್ಟನ್ನು ತಡವರಿಸುವ ಹಿಂದಿಯಲ್ಲಿ ತಾವೇ ಹೇಳಿ, ಜರ್ಮನಿಯಲ್ಲಿರುವ ತಮ್ಮನ ನಂಬರ್ ಕೊಟ್ಟರು. ಒಮ್ಮೆ ಅವನ ದನಿ ಕೇಳಿದರೆ ಸಾಕು ಎಂದರು.

ನಾನು ಫೋನ್ ಮಾಡಿದೆ, ಎತ್ತಿದ್ದು ಆ ತಮ್ಮನೇ. ಉಳಿದ ಕಥೆ ಅವರಿಂದ ತಿಳಿಯಿತು. ಕ್ರಾಂತಿಯ ಜನ ಇವರ ತಂದೆಯನ್ನು ಮನೆಯಿಂದ ಎಳೆದೊಯ್ದು ಗುಂಡಿಟ್ಟು ಕೊಂದಿದ್ದರು. ಅದೇ ವಾರ ನಾದಿರ್ ಪತ್ರಕರ್ತರ ಮುಂದೆ ನಿಂತು, ತಮ್ಮ ದೇಶದಲ್ಲಿ ವಿಚಾರಣೆಯಿಲ್ಲದೆ ಯಾರನ್ನೂ ಕೊಂದಿಲ್ಲ ಎಂಬ ಸರ್ಕಾರದ ಹೇಳಿಕೆ ಓದಿದ್ದರು. ತಾಯಿ ಅದನ್ನು ರೇಡಿಯೋದಲ್ಲಿ ಕೇಳಿದರು. ಸಾಯುವ ತನಕ ಮಗನ ಹೆಸರೆತ್ತಲಿಲ್ಲ.

"ಅಪ್ಪನ ಜೊತೆ ಅಣ್ಣನೂ ಅಂದೇ ಸತ್ತ. ಹಾಗಂತಲೇ ಅವನಿಗೆ ಹೇಳಿ" ಎಂದವರೇ ಫೋನ್ ಇಟ್ಟರು.

ವಾರ್ಡಿಗೆ ಬಂದವಳು, ಲೈನ್ ಸರಿಯಾಗಿ ಸಿಗಲಿಲ್ಲ ಎಂದೆ. ವಾರಿಜಕ್ಕ ಗಂಜಿ ಆರಿಸುತ್ತ ಕೂತಿದ್ದರು. ಸಾಹೇಬರು ನನ್ನ ಮುಖವನ್ನೇ ನೋಡಿದರು.

"ನಾನು ಜೀವನವಿಡೀ ಬೇರೆಯವರ ಮಾತನ್ನು ನುಣುಪು ಮಾಡಿ ದಾಟಿಸಿದವನು. ನೀವು ಹಾಗೆ ಮಾಡಬೇಡಿ."

ಹೇಳಿಬಿಟ್ಟೆ. ಅವರು ತಲೆಯಾಡಿಸಿದರು. "ಹೇಳಿಕೆ ಓದುವ ದಿನ ಬೆಳಿಗ್ಗೆಯೇ ಅಪ್ಪನ ಸುದ್ದಿ ನನಗೆ ತಲುಪಿತ್ತು" ಎಂದು ಗೋಡೆಯತ್ತ ತಿರುಗಿ ಮಲಗಿದರು. ಬೇರೆ ರೋಗಿಗಳು ಕಾಯುತ್ತಿದ್ದರೂ ನನಗೆ ಅಲ್ಲಿಂದ ಏಳಲಾಗಲಿಲ್ಲ. ಗಂಜಿಯನ್ನು ಅವರು ಮುಟ್ಟಲಿಲ್ಲ. ಆ ವಾರ ಕಳೆಯುವುದರೊಳಗೆ ತೀರಿಕೊಂಡರು. ವಾರಿಜಕ್ಕನ ಗಂಡ, ಟ್ಯೂಷನ್ ಮಕ್ಕಳ ಅಪ್ಪಂದಿರು ಓಡಾಡಿ ಪನವೇಲ್ ಕಡೆಯ ಕಬರಸ್ತಾನದಲ್ಲಿ ಮಣ್ಣು ಮಾಡಿಸಿದರು.

ಆಮೇಲೆ ತಮ್ಮನ ಫೋನ್ ಬಂತು. ತಾನು ಹೇಳಿದ್ದನ್ನು ಹಾಗೆಯೇ ಹೇಳಿದಿರಾ ಎಂದು ಕೇಳಿದರು. ಹೌದು, ಅವರು ಈಗ ಇಲ್ಲ ಎಂದೆ.

"ಸ್ವಲ್ಪ ಬದಲಿಸಿ ಹೇಳಬಹುದಿತ್ತು" ಎಂದರು.

ಅಣ್ಣ ಏನೆಂದರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಲ್ಲಿಂದ ನಿವೃತ್ತಿಯ ತನಕ, ಸಾಯುವವರಿಗೆ ಯಾರೇ ಕಟುವಾದ ಮಾತು ಹೇಳಿಕಳಿಸಿದರೂ, ಫೋನ್ ಇಡುವ ಮುಂಚೆ ಇಷ್ಟು ಕೇಳುತ್ತಿದ್ದೆ: "ಇದನ್ನೇ ಹೇಳಲೇ? ನಾಳೆ ನೀವು ಮಾತು ಬದಲಿಸಿದರೂ ಕೇಳಲು ಅವರು ಇರಲಿಕ್ಕಿಲ್ಲ." ಕೆಲವರು ಹೌದೆನ್ನುತ್ತಿದ್ದರು. ಹೆಚ್ಚಿನವರು, ಸ್ವಲ್ಪ ತಡೆಯಿರಿ ಎನ್ನುತ್ತಿದ್ದರು.