ಬಿಸಿಲಿನ ಪಕ್ಷದ ಅವ್ವ

ಪಕ್ಕದ ಸೈಟಿನ ಹಳೆಯ ಮನೆಯನ್ನು ಕೆಡವಿ ಅಲ್ಲೀಗ ದೊಡ್ಡ ಕಟ್ಟಡ ಏಳಿಸುತ್ತಿದ್ದಾರೆ. ಬೆಳಗಾದರೆ ಧೂಳು, ಕಂಬಿ ಕತ್ತರಿಸುವ ಸದ್ದು. ಮೊನ್ನೆ ಕಿಟಕಿ ಮುಚ್ಚಲು ಹೋದಾಗ ಧೂಳಿನ ಜೊತೆ ಬೇರೊಂದು ವಾಸನೆ ಬಂತು. ಕೆಂಡದ ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದ ಹೊಗೆ. ಕೂಲಿಯವರ ತಗಡಿನ ಶೆಡ್ಡಿನಲ್ಲಿ ಯಾರೋ ಬಾಣಂತಿ ಇರಬೇಕು. ಕಿಟಕಿ ಮುಚ್ಚುವುದನ್ನು ಮರೆತು ಅಲ್ಲೇ ನಿಂತುಬಿಟ್ಟೆ. ಈ ಮನೆಗೆ ನಾವು ಬರುವ ಮೊದಲೇ ಅದೇ ಹೊಗೆ ಇಲ್ಲಿ ಓಡಾಡಿತ್ತು…

ತೊಂಬತ್ತರ ದಶಕದ ನಡುವಿನ ಮಾತು. ನಾನು, ನನ್ನ ಯಜಮಾನರು, ಅತ್ತೆ ಮೂವರೂ ಮರ್ಫಿ ಟೌನಿನ ಬಾಡಿಗೆ ಮನೆಯಲ್ಲಿದ್ದೆವು. ಸಿ.ವಿ. ರಾಮನ್ ನಗರದಲ್ಲಿ ಸೈಟು ಕೊಂಡು ಮನೆ ಕಟ್ಟಿಸಲು ಶುರು ಮಾಡಿದಾಗ, ಕಾವಲಿಗೆಂದು ಮೇಸ್ತ್ರಿ ಒಬ್ಬ ಹೆಂಗಸನ್ನು ಕರೆತಂದರು. ದಪ್ಪ ಮೀಸೆಯ ವಾಚ್‌ಮನ್ ಬರುತ್ತಾನೆಂದು ಕಾದಿದ್ದ ಯಜಮಾನರು ನನ್ನ ಮುಖ ನೋಡಿದರು.

"ಗಂಡಸ್ನ ಇಟ್ರೆ ಸಾಯಂಕಾಲ ಆದ್ರೆ ಕುಡ್ದು ಮಲಗ್ಬಿಡ್ತಾನೆ ಸಾರ್. ಈಯಮ್ಮ ಇದ್ರೆ ಒಂದ್ ಕಂಬಿ ತುಂಡು ಆಚೆ ಹೋಗಲ್ಲ," ಎಂದರು ಮೇಸ್ತ್ರಿ. ಹಾಗೇ ಆಯಿತು.

ಅವಳಿಗೆ ಐವತ್ತರ ಆಸುಪಾಸು. ಗುಲ್ಬರ್ಗಾ ಕಡೆಯವಳು. ಗಂಡ ತೀರಿಕೊಂಡ ಮೇಲೆ ರಸ್ತೆಗೆ ಡಾಂಬರು ಹಾಕುವ ಗ್ಯಾಂಗು ಸೇರಿ ಊರೂರು ಸುತ್ತಿದ್ದಳು. ಎಲ್ಲಿ ರಸ್ತೆಯೋ ಅಲ್ಲಿ ಟೆಂಟು. ಗೋಡೆ ಎನ್ನುವುದರ ಒಳಗೆ ಮಲಗದೆ ಎಷ್ಟೋ ವರ್ಷ ಕಳೆದಿದ್ದಳು. ಕೆಲಸದವರೆಲ್ಲ ಅವಳನ್ನು ಅವ್ವ ಎಂದರು, ನಾವೂ ಅವ್ವ ಎಂದೆವು.

ನಾನಾಗ ಶಿವಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಸಂಜೆ ಬಸ್ಸು ಹಿಡಿದು ನೇರ ಸೈಟಿಗೆ ಬರುತ್ತಿದ್ದೆ. ಗೋಡೆಗೆ ನೀರು ಹೊಡೆದಿದ್ದಾಳೋ ಇಲ್ಲವೋ ನೋಡುವ ನೆಪ. ನಿಜವಾಗಿ ಬರುತ್ತಿದ್ದದ್ದು ಅವ್ವನ ಜೊತೆ ವಾದ ಮಾಡುವುದಕ್ಕೆ. ನಮ್ಮ ವಾದಕ್ಕೆ ಇದ್ದದ್ದು ಒಂದೇ ವಿಷಯ. ಬಯಲಲ್ಲಿ ಬದುಕುವವರಿಗೆ ಚಳಿ ಮೇಲೋ, ಬಿಸಿಲು ಮೇಲೋ?

ನಾನು ಚಳಿಯ ಪಕ್ಷ. ಚಳಿಯಾದರೆ ಒಂದರ ಮೇಲೊಂದು ಹೊದ್ದುಕೊಳ್ಳಬಹುದು, ಸೆಕೆಯಾದರೆ ಚರ್ಮ ಬಿಚ್ಚಿಡಲಾಗುತ್ತದೆಯೇ ಎನ್ನುವುದು ನನ್ನ ವಾದ. ಅವ್ವ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, ನಿಧಾನವಾಗಿ ಶುರು ಮಾಡುತ್ತಿದ್ದಳು.

"ಹೊದಿಯಾಕ ಇದ್ದವರ ಮಾತು ಅದು, ಅಕ್ಕಾರ. ಬಿಸಲಿಗಿ ಏನ್ ಬೇಕ್ರೀ? ಒಂದ್ ಗಿಡದ ನೆಳ್ಳು, ಒಂದ್ ಚರಗಿ ನೀರು. ನೆಳ್ಳು ಯಾರದೂ ಅಲ್ಲ. ಥಂಡಿಗಿ ಗ್ವಾಡಿ ಬೇಕು. ಗ್ವಾಡಿ ಅಂದಮ್ಯಾಲ ಯಾರರ ಒಬ್ಬರದು ಇರ್ತದ."

ಬಿಸಿಲಿಗೆ ಮಂದಿ ಸಾಯುತ್ತಾರಲ್ಲ ಅಂದರೆ ಒಪ್ಪುತ್ತಿರಲಿಲ್ಲ. "ಬಿಸಲಿಗಿ ಯಾರೂ ಸಾಯಂಗಿಲ್ರೀ. ನೆಳ್ಳಿಗಿ ಹೋಗಾಕ ಆಲಸಿ ಮಾಡಿ ಸಾಯ್ತಾರ," ಎನ್ನುತ್ತಿದ್ದಳು. ಪಟ್ಟು ಬಿಡದ ಹೆಂಗಸು. ಮೇ ತಿಂಗಳ ಮಧ್ಯಾಹ್ನ ಕೆಲಸದವರೆಲ್ಲ ಅರ್ಧ ಕಟ್ಟಿದ ಮನೆಯೊಳಗೆ ತಣ್ಣಗೆ ಒರಗಿಕೊಂಡಿದ್ದರೆ, ಅವ್ವ ಮಾತ್ರ ಎದುರಿಗಿದ್ದ ಹೊಂಗೆ ಮರದಡಿ ರೊಟ್ಟಿ ಬಿಚ್ಚಿಕೊಂಡು ರಾಣಿಯ ಹಾಗೆ ಕೂರುತ್ತಿದ್ದಳು. ಚಳಿ ಬಿದ್ದರೆ ಅದೇ ಅವ್ವ ಇನ್ನೊಬ್ಬಳೇ ಆಗಿಬಿಡುತ್ತಿದ್ದಳು. ಮಾತಿಲ್ಲ, ಮುಖ ಊದಿಸಿಕೊಂಡು ಓಡಾಟ. ಸಂಜೆ ಒಲೆಯ ಪಕ್ಕ ಒಂದು ಇಟ್ಟಿಗೆ ಕಾಯಿಸಿ, ಗೋಣಿಚೀಲದಲ್ಲಿ ಸುತ್ತಿ, ಪಾದದ ಕೆಳಗಿಟ್ಟುಕೊಳ್ಳುತ್ತಿದ್ದಳು.

"ನೋಡು, ಚಳಿಗೆ ಒಂದು ಇಟ್ಟಿಗೆ ಸಾಕಾಯ್ತಲ್ಲ ಅವ್ವ," ಎಂದು ನಾನು ಕೆಣಕಿದೆ.

"ಇಟ್ಟಂಗಿನೂ ನಿಮ್ದ ಹೌದಲ್ರೀ," ಅಂದಳು.

ಅವಳಿಗೆ ಇದ್ದದ್ದು ಒಬ್ಬಳೇ ಮಗಳು. ಊರ ಕಡೆಯೇ ಕೊಟ್ಟಿದ್ದಳು. ಮಗಳು ಬಸುರಿಯಾದಾಗ ಅವ್ವನ ಬಾಯಿಗೆ ಬಿಡುವಿರಲಿಲ್ಲ, ಸೈಟಿಗೆ ಬಂದ ಮರಳಿನ ಲಾರಿಯವನಿಗೂ ಹೇಳಿದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತವರೆಂದರೆ ತಾಯಿ ಇರುವ ಕಡೆ. ತಾಯಿ ಇದ್ದದ್ದು ನಮ್ಮ ಸೈಟಿನಲ್ಲಿ! ಹಾಗಾಗಿ ಆ ಹುಡುಗಿ ತುಂಬಿದ ಹೊಟ್ಟೆ ಹೊತ್ತು, ಸಿಮೆಂಟು ಚೀಲ ಇಟ್ಟಿದ್ದ ನಮ್ಮ ತಗಡಿನ ಶೆಡ್ಡಿಗೆ ತವರುಮನೆಯೆಂದು ಬಂದಳು.

ಅಷ್ಟು ಹೊತ್ತಿಗೆ ಮನೆ ಮುಗಿದಿತ್ತು. ಬಾಗಿಲು ಕೂರಿಸಿ, ರೆಡ್ ಆಕ್ಸೈಡ್ ನೆಲಕ್ಕೆ ಮುಖ ಕಾಣುವ ಹಾಗೆ ಪಾಲಿಶ್ ಮಾಡಿಸಿ ಆಗಿತ್ತು. ಆದರೆ ಧನುರ್ಮಾಸ ಹಿಡಿದುಬಿಟ್ಟಿತ್ತು. ಆ ತಿಂಗಳು ಗೃಹಪ್ರವೇಶ ಮಾಡುವ ಹಾಗಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ ಇಡಿಸಿದ್ದೆವು. ಅಲ್ಲಿಯವರೆಗೆ ಹೊಸ ಮನೆ ಬೀಗ ಹಾಕಿಸಿಕೊಂಡು ಸುಮ್ಮನೆ ನಿಂತಿತ್ತು. ಬೀಗದ ಕೈ ಅವ್ವನ ಸೊಂಟದಲ್ಲೇ ಇತ್ತು.

ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣುಮಗು. ತೂಕ ಕಮ್ಮಿ ಇದೆ, ಬೆಚ್ಚಗೆ ಇಟ್ಟುಕೊಳ್ಳಿ ಎಂದು ನರ್ಸಮ್ಮ ಹೇಳಿ ಕಳಿಸಿದ್ದರು. ಆ ಡಿಸೆಂಬರಿನ ಚಳಿಯೋ, ಈಗಿನ ಹಾಗಲ್ಲ. ಬೆಳಗ್ಗೆ ತಗಡಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವ್ವನ ಕಡೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡ ಇಟ್ಟು ಕಾಯಿಸುವ ಪದ್ಧತಿ. ಶೆಡ್ಡಿನಲ್ಲಿ ಅದು ಹೇಗೆ ಸಾಧ್ಯ? ಬಾಗಿಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ಇಳಿಬಿಟ್ಟರೆ ಹೊಗೆಗೆ ಮಗು ಕೆಮ್ಮುತ್ತಿತ್ತು, ಎತ್ತಿ ಕಟ್ಟಿದರೆ ಗಾಳಿ ನುಗ್ಗುತ್ತಿತ್ತು. ನಾನು ಹೋದ ದಿನ ಮಗುವಿನ ಪಾದ ಮುಟ್ಟಿ ನೋಡಿದೆ. ತಣ್ಣಗಿತ್ತು. ತುಟಿಯ ಬಣ್ಣ ಯಾಕೋ ಸರಿ ಕಾಣಲಿಲ್ಲ. ನನಗೆ ಹೆದರಿಕೆಯಾಯಿತು.

"ಬೀಗದ ಕೈ ನಿನ್ನ ಹತ್ರಾನೇ ಇದೆಯಲ್ಲ ಅವ್ವ. ಒಳಗೆ ಕರ್ಕೊಂಡ್ ಹೋಗೋದಲ್ವಾ?"

"ಕಾಯಾಕ ಕೊಟ್ಟೀರಿ, ತೆಗಿಯಾಕ ಕೊಟ್ಟಿಲ್ಲ," ಎಂದಳು ಅವ್ವ. ದನಿಯಲ್ಲಿ ಎಂದಿನ ಜೋರಿರಲಿಲ್ಲ. "ನೀವು ಇನ್ನಾ ಹಾಲ ಉಕ್ಕಸಿಲ್ಲ. ಅಂಥಾ ಮನ್ಯಾಗ ನಾ ಮದ್ಲ ಕೆಂಡ ಹಾಕಲ್ಯಾ? ಮೈಲಿಗಿ ಮಾಡಲ್ಯಾ? ಬ್ಯಾಡ್ರೀ ಅಕ್ಕಾರ. ಅಮ್ಮಾರ ಒಪ್ಪಂಗಿಲ್ಲ."

ಅಮ್ಮಾರ ಎಂದರೆ ನನ್ನ ಅತ್ತೆ. ಕೆ.ಆರ್. ಪುರದ ಕಡೆಯ ಒಕ್ಕಲು ಮನೆಯ ಹೆಣ್ಣು. ಧನುರ್ಮಾಸದಲ್ಲಿ ಹೊಸ ಪೊರಕೆಯನ್ನೂ ಮನೆಗೆ ತರಲು ಬಿಡದವರು. ಅವರು ಒಪ್ಪುವುದಿಲ್ಲವೆಂದು ನನಗೂ ಅನ್ನಿಸಿತ್ತು. ಆದರೂ ಆ ಸಂಜೆ ಊಟದ ಹೊತ್ತಿಗೆ ವಿಷಯ ತೆಗೆದೆ. ಯಜಮಾನರು, "ಅಮ್ಮನ್ನ ಕೇಳು," ಎಂದು ತಟ್ಟೆಯೊಳಗೆ ಮುಖ ಹಾಕಿದರು. ಅತ್ತೆ ಮುದ್ದೆ ಮುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಮರುದಿನ ಬೆಳಗ್ಗೆ ನೋಡಿದರೆ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು. ಆಟೋ ಕರಿ ಎಂದರು.

ಶೆಡ್ಡಿನಲ್ಲಿ ಅತ್ತೆಯೂ ಮಗುವಿನ ಪಾದವನ್ನೇ ಮುಟ್ಟಿ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, "ಬಾಗ್ಲು ತೆಗಿ," ಎಂದರು.

"ಅಮ್ಮಾರ, ಧನುರ್ಮಾಸರೀ…"

"ಅದು ನಾವು ಮನೆ ಹೊಕ್ಕೋದಕ್ಕೆ. ನೀನು ಪಾಯ ತೋಡ್ದಾಗ್ಲಿಂದ ಇಲ್ಲೇ ಇದ್ದೀಯ, ನಿಂಗ್ಯಾವ ಪ್ರವೇಶ? ಬಾಣಂತೀನ ಹೊರಗೆ ನಡುಗ್ಸಿ ನಾವು ಒಳಗೆ ಹಾಲುಕ್ಕಿಸಿದ್ರೆ ಆ ಹಾಲು ನಮ್ಗೆ ದಕ್ತದಾ?"

ಅವ್ವ ಮತ್ತೇನೋ ಹೇಳಲು ಹೋದಳು. ಅತ್ತೆ ಕೇಳಿಸಿಕೊಳ್ಳಲಿಲ್ಲ. ಹಿಂದಿನ ರೂಮಿಗೆ ಹೊರಸು ಸಾಗಿಸಿದೆವು, ಮಗುವನ್ನು ನಾನೇ ಎತ್ತಿಕೊಂಡು ಹೋದೆ. ಅತ್ತೆ ಮಾತ್ರ ಹೊಸಿಲು ದಾಟಲಿಲ್ಲ. ಧನುರ್ಮಾಸವಲ್ಲವೇ. ಹೊರಗೆ ಕಿಟಕಿಯ ಹತ್ತಿರ ನಿಂತು, ಇದನ್ನು ಅಲ್ಲಿಡು, ಅದನ್ನು ಇಲ್ಲಿಡು, ಕಿಟಕಿ ಪೂರ್ತಿ ಮುಚ್ಚಬೇಡಿ ಎಂದು ಒಂದೇ ಸಮನೆ ಹುಕುಂ ಕೊಟ್ಟರು. ನನಗೆ ನಗು ಬಂತು. ಅವತ್ತು ಅವರ ಮೇಲೆ ಹುಟ್ಟಿದ ಪ್ರೀತಿ, ಅವರು ಹೋಗುವವರೆಗೂ ಕಡಿಮೆಯಾಗಲಿಲ್ಲ.

ಅವ್ವ ಕಾಂಕ್ರೀಟು ಹೊರುವ ಬಾಂಡ್ಲಿಯ ತುಂಬ ಕೆಂಡ ತುಂಬಿ ಹೊರಸಿನ ಕೆಳಗಿಟ್ಟಳು. ಮೇಲೆ ಓಂಕಾಳು ಉದುರಿಸಿದಳು. ಮಗು ದಿನೇ ದಿನೇ ಕೆಂಪಾಯಿತು, ಅಳುವಿಗೆ ಜೋರು ಬಂತು. ಅವ್ವನ ಬಾಯಿಯೂ ಮೊದಲಿನಂತಾಯಿತು. "ನಮ್ಮ ಕಡಿ ಆಗಿದ್ರ ಇಷ್ಟೆಲ್ಲಾ ಬೇಕಿರಲಿಲ್ರೀ, ಹೊರಗ ಮಲಗಿಸಿದ್ರೂ ಕೂಸು ಬೆಚ್ಚಗಿರ್ತಿತ್ತು," ಎಂದು ವಾದಕ್ಕೆ ನಿಂತಳು.

ಆದರೆ ಒಂದು ಎಡವಟ್ಟಾಗಿತ್ತು. ಅವಳ ಊರಲ್ಲಿ ಕಲ್ಲುಹಾಸಿನ ನೆಲ, ಅದರ ಮೇಲೆ ಕೆಂಡವಿಟ್ಟರೆ ಏನೂ ಆಗದು. ರೆಡ್ ಆಕ್ಸೈಡ್ ನೆಲದ ಗುಣ ಅವಳಿಗೆ ಗೊತ್ತಿರಲಿಲ್ಲ. ನಮಗೂ ಹೊಳೆಯಲಿಲ್ಲ. ಒಂದು ದಿನ ಬಾಂಡ್ಲಿ ಸರಿಸಿದಾಗ ನೋಡಿದರೆ ಕೆಳಗೆ ಹಪ್ಪಳದ ಹಾಗೆ ನೆಲ ಎದ್ದು, ಸುತ್ತ ಕಪ್ಪಗೆ ಬಳೆ ಮೂಡಿತ್ತು. ಅವ್ವ ತೆಂಗಿನ ನಾರು ಹಿಡಿದು ಉಜ್ಜುತ್ತಾ ಕೂತಿದ್ದಳು. ಉಜ್ಜಿದಷ್ಟೂ ಸಿಪ್ಪೆ ಏಳುತ್ತಿತ್ತು. ಅವಳು ಅತ್ತದ್ದನ್ನು ನಾನು ಕಂಡದ್ದು ಅವತ್ತು ಮಾತ್ರ. ಮಗಳನ್ನೂ ಮಗುವನ್ನೂ ಎತ್ತಿಕೊಂಡು ಶೆಡ್ಡಿಗೆ ಹೋಗುತ್ತೇನೆಂದು ಹಟ ಹಿಡಿದಳು. ಯಜಮಾನರು ಪಾಲಿಶ್ ಮಾಡಿಸಿ ತಿಂಗಳಾಗಿಲ್ಲ ಎಂದು ಗೊಣಗಿದ್ದು ನಿಜ. ಅತ್ತೆ ಕಿಟಕಿಯಿಂದಲೇ ಇಣುಕಿ ನೋಡಿ, "ಅದರ್ ಮೇಲೆ ಮಂಚ ಹಾಕ್ಕೊಂಡ್ರೆ ಆಯ್ತಪ್ಪ," ಎಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಸಂಕ್ರಾಂತಿ ಕಳೆದು ಗೃಹಪ್ರವೇಶವಾಯಿತು. ಪುರೋಹಿತರು ನಡುಮನೆಯಲ್ಲಿ ಇಟ್ಟಿಗೆ ಜೋಡಿಸಿ, ಮರಳು ಹರಡಿ, ಅದರ ಮೇಲೆ ಹೋಮದ ಬೆಂಕಿ ಮಾಡಿದರು. ಅವ್ವ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಅಂದಳು. "ದೇವರ ಬೆಂಕಿಗಿ ಕೆಳಗ ಇಟ್ಟಂಗಿ ಇಡ್ತೀರಿ. ನನಗ ಮದ್ಲ ಹೇಳಬಾರದೇನ್ರೀ?"

ಪುರೋಹಿತರೂ ನಕ್ಕರು. ಯಜಮಾನರು ಆ ಕಲೆಯ ಬಗ್ಗೆ ಮತ್ತೆ ಗೊಣಗಲಿಲ್ಲ.

ಮಗಳು ಗಂಡನ ಮನೆಗೆ ಹೋದಳು. ಅವ್ವನಿಗೆ ಗರುಡಾಚಾರ್‌ಪಾಳ್ಯದಲ್ಲಿ ಇನ್ನೊಂದು ಸೈಟು ಸಿಕ್ಕಿತು, ಆಮೇಲೆ ಮತ್ತೊಂದು. ಯುಗಾದಿಯ ಆಸುಪಾಸಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದಳು. ಒಳಗೆ ಬಾ ಎಂದರೆ ಸೆಕೆ ಎಂದು ನೆಪ ಹೇಳಿ ಹೊಂಗೆ ಮರದಡಿಯೇ ಕೂರುತ್ತಿದ್ದಳು. ಸೆಕೆ ಅವಳಿಗೆ ಯಾವತ್ತು ಆಗುತ್ತಿತ್ತು! ನಾನು ಕಾಫಿ ಹಿಡಿದು ಹೊರಗೆ ಹೋಗುತ್ತಿದ್ದೆ, ವಾದ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷಕ್ಕೆ ಬರುವುದು ನಿಂತಿತು. ಊರಿಗೆ ಹೋಗಿರಬೇಕು ಅಂದುಕೊಂಡೆ…

ಸುದ್ದಿ ಹೇಳಲು ಬಂದದ್ದು ಅವ್ವನ ಮಗಳು. ಜೊತೆಗೆ ಲಂಗ ಹಾಕಿಕೊಂಡ, ಎತ್ತರದ ಹುಡುಗಿ, ಅದೇ ಕೂಸು.

"ಬ್ಯಾಸಗ್ಯಾಗ ಊರಿಗಿ ಬಂದಿದ್ಳರೀ. ಸುಮ್ಮ ಕೂಡು ಅಂದ್ರ ಕೇಳಲಿಲ್ಲ, ರೋಡಿನ ಕೆಲಸಕ್ಕ ಹೋದ್ಳು. ಬಿಸಲು ಬಡೀತು, ಅಲ್ಲೇ ಬಿದ್ಳು," ಎಂದಳು.

ನನಗೆ ಮೊದಲು ಬಂದದ್ದು ಸಿಟ್ಟು. ನೆರಳಿಗೆ ಹೋಗಬಾರದಿತ್ತೇ ಎಂದು ಕೇಳಿದೆ.

"ಎಲ್ಲಿ ನೆಳ್ಳು, ಅಕ್ಕಾರ? ರೋಡ್ ಅಗಲ ಮಾಡಾಕ ಗಿಡ ಎಲ್ಲಾ ಕಡದಿದ್ರು."

ಹಿಂದಿನ ರೂಮಿನ ಮಂಚ ಸರಿಸಿ, ನಿನ್ನನ್ನು ಕಾಯಿಸಿದ ಕೆಂಡದ ಗುರುತು ಇದು ಎಂದು ಆ ಹುಡುಗಿಗೆ ಕಲೆ ತೋರಿಸಿದೆ. ಅವಳು ಅದರ ಮೇಲೆ ಕಾಲು ಮಡಿಸಿ ಕೂತು, "ಇಷ್ಟು ಸಣ್ಣಾಕಿ ಇದ್ದೆನಾ?" ಎಂದು ನಕ್ಕಳು. ಅವಳ ಅಮ್ಮ ನಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಈಗ ಅತ್ತೆ ಇಲ್ಲ, ಯಜಮಾನರೂ ಇಲ್ಲ. ನನ್ನ ಮೊಣಕಾಲಿಗೆ ಚಳಿ ಆಗಿಬರುವುದಿಲ್ಲ. ಜನವರಿ ಬಂತೆಂದರೆ ಬೆಳಗ್ಗೆ ಕುರ್ಚಿ ಹೊರಗೆ ಹಾಕಿ, ಬಿಸಿಲು ಸರಿದ ಹಾಗೆಲ್ಲ ಸರಿಸಿಕೊಂಡು ಕೂರುತ್ತೇನೆ. ಅವ್ವನ ಪಕ್ಷಕ್ಕೇ ಬಂದು ಸೇರಿದ್ದೇನೆ. ಆದರೆ ಬಿಸಿಲೇ ಅವಳನ್ನು ಕೊಂದಿತಲ್ಲ ಎನ್ನುವುದು ನೆನಪಾದರೆ, ವಾದದಲ್ಲಿ ಯಾರು ಗೆದ್ದರೋ ಗೊತ್ತಾಗುವುದಿಲ್ಲ.

ಮೊನ್ನೆ ಹೊಗೆ ಬಂದ ಮೇಲೆ ಕಾಂಪೌಂಡಿನ ಹತ್ತಿರ ಹೋಗಿ ಶೆಡ್ಡಿನ ಹೆಂಗಸನ್ನು ಕರೆದು ಮಾತಾಡಿಸಿದೆ. ಮಗಳಿಗೆ ಗಂಡುಮಗುವಂತೆ. ತಗಡು ಬಹಳ ತಣ್ಣಗಿರುತ್ತದೆ, ಹಿಂದಿನ ರೂಮು ಖಾಲಿ ಇದೆ, ಬಂದಿರಿ ಎಂದೆ. ಅವಳು ಅನುಮಾನದಿಂದ ನೋಡಿದಳು. ಮನೆಯವರನ್ನು ಕೇಳಿ ಹೇಳ್ತೀನಿ ಎಂದಳು. ಬರುತ್ತಾರೋ ಇಲ್ಲವೋ.

ನಾನಂತೂ ಮಂಚ ಎಳೆದು ಗೋಡೆಗೆ ಒರಗಿಸಿ, ಅವರದೇ ಸೈಟಿನಿಂದ ಒಂದಷ್ಟು ಇಟ್ಟಿಗೆ ಕೇಳಿ ತಂದು ಕಲೆಯ ಮೇಲೆ ಜೋಡಿಸಿ ಇಟ್ಟಿದ್ದೇನೆ. ಈಗ ಬುದ್ಧಿ ಬಂತೇನ್ರೀ ಅಕ್ಕಾರ ಎಂದು ಆಡಿಕೊಳ್ಳಲು ಅವ್ವ ಇಲ್ಲ.