ಸಿದ್ದವ್ವನ ಒಡಪು, ಮಲಕಾಜಪ್ಪನ ಹೆಸರು

ಅರವತ್ತೇಳರ ಕೊಯ್ನಾ ಭೂಕಂಪಕ್ಕಿಂತ ಮೊದಲಿನ ಮಾತು. ಸನಮಡಿಯ ಮದುವೆಯಿಂದ ಮುಚ್ಚಂಡಿಗೆ ಮರಳಿದ ಅಕ್ಕವ್ವ, ಸಿದ್ದವ್ವನ ಸೋದರತ್ತೆ, ಕಟ್ಟೆಯ ಮೇಲೆ ಪಕ್ಕೆ ಹಿಡಿದುಕೊಂಡು ಕೂತಳು.

"ಉಟಗಿ ಮಲಕಾಜಪ್ಪ ಅಂತ ಒಬ್ಬಾವ ಬಂದಿದ್ನವ್ವ. ಮ್ಯಾಳ ಇಲ್ಲ, ಬಣ್ಣ ಬಳದ ಸೋಂಗ ಇಲ್ಲ, ಒಬ್ಬಾವನ ನಿಂತು ಮಾತಾಡಿದ. ನಕ್ಕು ನಕ್ಕು ಊಟಾನೂ ಬಿಟ್ಟು ಬಂದ್ನಿ."

ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಸಿದ್ದವ್ವ ತಲೆ ಎತ್ತಲಿಲ್ಲ. "ಊಟಾ ಬಿಡಿಸಾವ ಎಂಥಾ ಚಲೋ ಮನಶಾನಬೇ?"

ಅತ್ತೆ ಮತ್ತೆ ಪಕ್ಕೆ ಹಿಡಿದುಕೊಂಡಳು. ಇವಳಿಗೂ ಆ ಮಲಕಾಜಪ್ಪನಿಗೂ ಜೋಡಿ ಕೂಡುತ್ತದೆ ಎಂದು ಅವಳಿಗೆ ಹೊಳೆದದ್ದೇ ಆಗ.

ಮದುವೆಯಾಯಿತು. ಉಟಗಿಯ ಮನೆಯ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿದರು. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ, ಒಡಪು ಕಟ್ಟಿ ಅದರೊಳಗೆ ಹೇಳಬೇಕು. ಹಿಂದಿನ ಸೊಸೆಯಂದಿರು ಬೆಳ್ಳಿ ತಾಟು, ಬಂಗಾರದ ತಂಬಿಗೆ ಎಂದು ಹಳೆಯದನ್ನೇ ಒಪ್ಪಿಸಿ ಒಳಗೆ ಹೋಗಿದ್ದರು. ಸಿದ್ದವ್ವ ನಿಂತಲ್ಲೇ ಹೊಸದು ಕಟ್ಟಿದಳು:

"ಜ್ವಾಳದ ಹೊಲದಾಗ ಬೆದರಗೊಂಬಿ ಯಾಕ ಬೇಕಪ್ಪ,
ಬಾಯಿ ತಗದ ನಿಂತರ ಸಾಕ ನಮ್ಮ ಮಲಕಾಜಪ್ಪ!"

ಓಣಿಗೆ ಓಣಿಯೇ ನಕ್ಕಿತು. ಮಲಕಾಜಪ್ಪನೂ ನಕ್ಕ. ಮುಂದಿನ ವಾರ ಜತ್ತಿನ ಸಂತೆಯಲ್ಲಿ ಪೆಟ್ಟಿಗೆ ಹತ್ತಿ ಅದನ್ನೇ ಹೇಳಿದ. ಹೇಗೆ? ತಲೆಗೆ ಟವೆಲ್ಲು ಹೊದ್ದು, ಗಂಡನ ಹೆಸರು ಹೇಳಲು ಬಾರದೆ ತೊದಲುವ ಪೆದ್ದ ಹೆಂಡತಿಯಾದ. ಅವಳು ಬೆವರುವಾಗ ಜಾಣ ಗಂಡ ಬಂದು ಒಡಪು ಹೇಳಿಕೊಟ್ಟ! ಮಾತು ಕದ್ದದ್ದು ಸಾಲದೆ ಮಾತಿನ ಒಡತಿಯನ್ನೇ ಮೂಕಿ ಮಾಡಿದ.

ಮಹಾರಾಷ್ಟ್ರದ ಸರಕಾರಿ ಎಸ್‌ಟಿ ಬಸ್ಸು ಹೋದಲ್ಲೆಲ್ಲ ಅವನ ಹೆಸರು ಹೋಯಿತು. ಮಿರಜ, ಪಂಢರಪುರ, ಇಂಡಿ. ಮರಾಠಿ ಊರಲ್ಲಿ ಮರಾಠಿ, ನಮ್ಮ ಕಡೆ ಕನ್ನಡ. ಮನೆಗೆ ಬಂದರೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಹೊಸಾದು ಒಂದು ಒಗಿ ನೋಡೂಣು" ಎನ್ನುತ್ತಿದ್ದ. ರೊಟ್ಟಿ ಬಡಿಯುತ್ತ ಅವಳು ಹೇಳಿಬಿಡುತ್ತಿದ್ದಳು. ನಾಲಿಗೆಗೆ ಬಂದದ್ದನ್ನು ನುಂಗುವ ಜಾತಿಯಲ್ಲ ಅವಳು. ಹಿಟ್ಟಿನ ಗಿರಣಿಯಲ್ಲಿ ನೆರೆಮನೆಯ ಚಂದ್ರಾಬಾಯಿ, "ಈಗರೆ ಗಂಡನ ಹೆಸರು ಬಂತೇನಬೇ, ಇನ್ನೂ ತೊದಲ್ತೀಯೋ?" ಎಂದರೆ ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಗುತ್ತಿದ್ದರು. ಸಿದ್ದವ್ವನಿಗೆ ಮೈಯೆಲ್ಲ ಉರಿ. ಒಂದು ರಾತ್ರಿ ಗಂಡನೆದುರು ನಿಂತಳು.

"ಒಂದ ಸಲ ಹೇಳ್ರಿ, ಇವು ನನ್ನ ಹೇಣ್ತಿ ಕಟ್ಟಿದ ಮಾತು ಅಂತ. ನನಗ ಶಾಲು ಬ್ಯಾಡ, ಹಾರ ಬ್ಯಾಡ."

"ಆತು ಮಾರಾಯ್ತಿ. ಬರೂ ವಾರ ಸನಮಡ್ಯಾಗ ಆಟ ಐತಿ, ಅಲ್ಲಿ ಹೇಳತೀನಿ, ಬಾ."

ಅವಳು ಇಳಕಲ್ ಸೀರೆ ಉಟ್ಟು ಹೋಗಿ ಮುಂದೆಯೇ ಕೂತಳು. ಆಟ ಮುಗಿಯುತ್ತ ಬಂತು. ಮಲಕಾಜಪ್ಪ ಅವಳನ್ನು ನೋಡಿದ, ಜನರನ್ನು ನೋಡಿದ. ಜನ ಇನ್ನೂ ನಗಬೇಕೆಂದು ಬಾಯಿ ತೆರೆದು ಕೂತಿತ್ತು.

"ನೋಡ್ರಿ, ನಮ್ಮ ಪೆದ್ದಿ ಇಲ್ಲೇ ಕುಂತಾಳ! ಏಳs, ಹೆಸರು ಹೇಳ ನನ್ನ!"

ಸನಮಡಿಗೆ ಸನಮಡಿಯೇ ತಿರುಗಿ ನಕ್ಕಿತು. ಸಿದ್ದವ್ವ ಎದ್ದು ನಿಂತಳು. ಒಡಪಿಲ್ಲ, ಸೆರಗು ಮರೆಯಿಲ್ಲ.

"ಮಲಕಾಜಪ್ಪ," ಎಂದಳು. ದನ ಕಾಯುವವನನ್ನು ಕೂಗಿದ ಹಾಗೆ, ಬರಿಯ ಹೆಸರು.

ನಗು ಕತ್ತರಿಸಿ ಬಿತ್ತು. ಮುದುಕಿಯರು ಬಾಯಿಗೆ ಸೆರಗು ಒತ್ತಿಕೊಂಡರು. ಅವಳು ನಡೆದು ಹೋಗಿ ಬಸ್ಸು ಹತ್ತಿದಳು.

ಅಂದಿನಿಂದ ಒಲೆಯ ಮುಂದೆ ರೊಟ್ಟಿಯ ಸಪ್ಪಳ ಮಾತ್ರ. ಕದಿಯಲು ಏನೂ ಉಳಿಯದೆ ಅವನು ಹಳೆಯದನ್ನೇ ತಿರುವಿ ಹಾಕಿದ. ಜನ ಅವನಿಗಿಂತ ಮೊದಲೇ ಮಾತು ಮುಗಿಸತೊಡಗಿದರು. ಕೊನೆಗೆ ಕರೆಯುವುದನ್ನೂ ಬಿಟ್ಟರು.

ಎಪ್ಪತ್ತರ ದಶಕ ಮುಗಿಯುವಾಗ ಅವನ ಗಂಟಲಲ್ಲಿ ಗಡ್ಡೆ ಎದ್ದಿತು. ಸಿದ್ದವ್ವ ಗಂಜಿ ಕುಡಿಸುತ್ತಿದ್ದಳು. ಸಿಟ್ಟು ಗಂಜಿಗಿಂತ ಬಿಸಿಯಾಗಿಯೇ ಇತ್ತು. ಒಂದು ಮಧ್ಯಾಹ್ನ ಅವನು ಚಮಚ ತಡೆದು ಪಿಸುಗುಟ್ಟಿದ: "ಅವೆಲ್ಲಾ ನಿನ್ನವು ಅಂತ ನಾ ಹೇಳಬೇಕಿತ್ತು."

"ಹೇಳಬೇಕಿತ್ತು! ಊರೂರಾಗ ಮೈಕ್ ಹಿಡದಾವ್ರು ನೀವು. ಈಗ ಈ ಗ್ವಾಡಿ ಮುಂದ ಹೇಳತೀರಿ?"

ಅವನು ಅವಳ ಸೆರಗು ಹಿಡಿದ.

"ನನಗ ದನಿ ಉಳದಿಲ್ಲ ಸಿದ್ದಿ. ಇನ್ನ ನೀನ ಜನರ ಮುಂದ ನಿಂತು ಹೇಳ, ಅವು ನಿನ್ನವು ಅಂತ. ಸನಮಡಿಯಿಂದನ ಸುರು ಮಾಡ."