ಕೂಸಿಗೆ ಎರೆಯಲು ಮಸ್ಕತಿಗೆ ಹೋದವಳು

ನನ್ನ ಎರಡೂ ಮಕ್ಕಳಿಗೆ ಎರೆದು ಬೆಳೆಸಿದವಳು ಬಿಸ್ಮಿಲ್ಲಾ ಆಪಾ. ನರಗುಂದದ ನಮ್ಮ ಓಣಿಯಲ್ಲಿ ಬಾಣಂತನವೆಂದರೆ ಆಪಾ ಬರಲೇಬೇಕು. ಲಿಂಗಾಯತರ ಮನೆಯಾಗಲಿ, ಮುಸಲ್ಮಾನರ ಮನೆಯಾಗಲಿ, ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳೆಂದರೆ ಎಂಥ ಹಟಮಾರಿ ಕೂಸೂ ತಣ್ಣಗಾಗುತ್ತಿತ್ತು. ಎಣ್ಣೆ ತಿಕ್ಕಿ, ಕೈಕಾಲು ನೀವಿ, ಬಿಸಿನೀರು ಎರೆದು, ಲೋಬಾನದ ಹೊಗೆ ಹಿಡಿದು ತೊಟ್ಟಿಲಿಗೆ ಹಾಕಿದರೆ ಮಧ್ಯಾಹ್ನದವರೆಗೆ ಮನೆಯವರಿಗೆ ಚಿಂತೆಯಿಲ್ಲ.

ಗಂಡ ಜಂಗ್ಲಿಸಾಬ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವನು, ತೀರಿಕೊಂಡು ಆರೇಳು ವರ್ಷವಾಗಿತ್ತು. ಒಬ್ಬಳೇ ಮಗಳು ಇಷ್ರತ. ನರ್ಸಿಂಗ್ ಕಲಿಯುವ ಆಸೆ ಅವಳಿಗೆ. ಆದರೆ ಹೆರಿಗೆಗಳೆಲ್ಲ ಈಗ ಹುಬ್ಬಳ್ಳಿ, ಗದಗಿನ ದವಾಖಾನೆಗಳಲ್ಲಿ ಆಗುತ್ತಿದ್ದವು. ಬಾಣಂತಿಯರು ಅಲ್ಲಿಯೇ ನೆಂಟರ ಮನೆಯಲ್ಲಿ ಎರಡು ತಿಂಗಳು ಉಳಿದು ಬರುತ್ತಿದ್ದರು. ಆಪಾಳ ಕೈಗೆ ಕೆಲಸ ಕಡಿಮೆಯಾಗಿತ್ತು.

ಆಗ, ಎರಡು ಸಾವಿರದ ಏಳರಲ್ಲಿ, ಗಜೇಂದ್ರಗಡದ ಆಶಿಕ ನಮ್ಮ ಕಿರಾಣಿ ಅಂಗಡಿಗೆ ಬಂದ. ಕೊಲ್ಲಿ ದೇಶಗಳಿಗೆ ಗೌಂಡಿಗಳನ್ನೂ ಡ್ರೈವರುಗಳನ್ನೂ ಕಳಿಸಿ ಅಭ್ಯಾಸವಿದ್ದ ಏಜೆಂಟ. ಆಪಾ ನನ್ನ ಅಂಗಡಿಯಲ್ಲಿಯೇ ಇದ್ದಳು.

“ಮಸ್ಕತಿನಾಗ ಒಂದು ಮನಿಯಾಗ ಅವಳಿ ಕೂಸು ಹುಟ್ಯಾವು. ಎಣ್ಣಿ-ನೀರು ಮಾಡಾಕ ನಮ್ಮ ಕಡೀ ಹೆಣಮಗಳs ಬೇಕಂತ ಅಂದಾರ” ಎಂದ ಆಶಿಕ. “ಕಾಗದದಾಗ ಮಾತ್ರ ಮನಿಗೆಲಸದಾಕಿ ಅಂತ ಹೋಗಬೇಕಾಗತೈತಿ. ಕೂಸಿಗೆ ಎರಿಯೂದನ್ನ ಕಸುಬು ಅಂತ ಸರಕಾರದಾಗ ಯಾರೂ ಹಿಡಿಯಂಗಿಲ್ಲ.”

“ಆಪಾ, ಪರದೇಶ ಅದು. ಅವರ ಭಾಷಿ ನಿನಗ ಹ್ಯಾಂಗ ತಿಳೀತೈತಿ?” ಎಂದೆ.

“ಕೂಸಿನ ಭಾಷಿ ತಿಳೀತೈತ್ರಿ ಸುವರ್ಣಕ್ಕಾರ” ಎಂದು ನಕ್ಕಳು. ನಕ್ಕದ್ದು ಬಾಯಿ ಮಾತ್ರ. ಇಷ್ರತಳನ್ನು ನನ್ನ ಮನೆಯಲ್ಲಿ ಬಿಟ್ಟು ಮುಂಬಯಿಯ ರೈಲು ಹತ್ತಿದಳು.

ಹತ್ತನೆಯ ಇಯತ್ತೆ ಪಾಸಾಗದವರು ಆ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಮುಂಬಯಿಯಲ್ಲಿರುವ ಸರಕಾರದ ವಲಸೆ ಕಚೇರಿಯ ಒಪ್ಪಿಗೆ ಬೇಕು. ಆಪಾ ಓದಿದ್ದು ನಾಲ್ಕನೆಯ ಇಯತ್ತೆ. ಅಲ್ಲಿ ಮೇಜಿನಾಚೆ ಕುಳಿತಿದ್ದವಳು ದಪ್ಪ ಕನ್ನಡಕದ, ಅರ್ಧ ತಲೆ ನೆರೆತ ಒಬ್ಬ ಹೆಣ್ಣುಮಗಳು. ಕಾಗದ ತಿರುವಿ ಹಾಕಿ ಹಿಂದಕ್ಕೆ ಕೊಟ್ಟಳು. ಆಗುವುದಿಲ್ಲ.

ಆಪಾ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಅತ್ತಳಂತೆ. ಊಟದ ಹೊತ್ತಿಗೆ ಆ ಸಾಹೇಬಳು ಹೊರಗೆ ಬಂದವಳು ಇವಳನ್ನು ನೋಡಿದಳು. ಹಾಗೇ ಹೋಗಬಹುದಿತ್ತು. ಹೋಗಲಿಲ್ಲ. ಪಕ್ಕದಲ್ಲಿಯೇ ಕುಳಿತು ಹಿಂದಿಯಲ್ಲಿ ತಿಳಿಹೇಳಿದಳು. ಆಪಾ ಅದನ್ನು ನನಗೆ ಹೇಳಿದ್ದು ನಮ್ಮ ಮಾತಿನಲ್ಲಿ.

“‘ನಿನ್ನ ಮ್ಯಾಲ ಸಿಟ್ಟಿಲ್ಲವಾ’ ಅಂದ್ಲ್ರಿ ಆಕಿ. ‘ಆ ಮನಿಯವರು ಬರದ ಕರಾರಿಗೆ ಮಸ್ಕತಿನ್ಯಾಗಿರೂ ನಮ್ಮ ರಾಯಭಾರಿ ಕಚೇರಿ ಸಿಕ್ಕಾ, ಅಂದ್ರ ಮುದ್ರಿ, ಬೀಳಬೇಕು. ಬಿದ್ರ ನೀ ಯಾರ ಮನ್ಯಾಗ ಅದಿ ಅಂತ ನಮಗ ಗೊತ್ತಿರತೈತಿ. ಇಲ್ಲಂದ್ರ ನೀ ಕಳದು ಹೋದ್ರೂ ಹುಡಕವ್ರಿಲ್ಲ. ಮತ್ತ ಈಗ ಹೊಸ ನಿಯಮ ಬಂದೈತಿ. ಮನಿಗೆಲಸಕ್ಕ ಹೋಗೂ ಹೆಣಮಗಳಿಗೆ ಮಾಲಕರು ಮೊಬೈಲ್ ಕೊಡಬೇಕು. ಹ್ವಾದ ದಿವ್ಸs ಕೇಳು, ನಾಚಬ್ಯಾಡ.’”

ರಾಯಭಾರಿ ಕಚೇರಿಯ ಫೋನ್ ನಂಬರನ್ನು ಅಲ್ಲಿಯೇ ಬಾಯಿಪಾಠ ಮಾಡಿಸಿ, ಸಾಲಿಯ ಅಕ್ಕೋರ ಹಾಗೆ ಒಪ್ಪಿಸು ಎಂದು ಮತ್ತೆ ಹೇಳಿಸಿ ಕೇಳಿದಳಂತೆ. ಆಪಾ ನರಗುಂದ ಮುಟ್ಟುವವರೆಗೂ ಅದನ್ನು ಜೋಗುಳದ ಧಾಟಿಯಲ್ಲಿ ಗುನುಗುತ್ತ ಬಂದಿದ್ದಳು.

ಆಶಿಕನಿಗೆ ರೇಗಿತು. “ಸಿಕ್ಕಾಗಿಕ್ಕಾ ಅಂತ ಕುಂತ್ರ ಆ ಕೂಸು ಸಾಲಿಗೆ ಹೊಕ್ಕಾವು. ವಿಜಿಟ್ ವೀಸಾದ ಮ್ಯಾಲ ಹೋಗಿಬಿಡು, ಯಾರೂ ಕೇಳಂಗಿಲ್ಲ.”

“ಯಾರೂ ಕೇಳಂಗಿಲ್ಲ ಅಂತನs ಅಂಜಿಕಿ ಬರತೈತೋ ತಮ್ಮಾ” ಎಂದಳು ಆಪಾ. ಆಶಿಕ ಕೆಟ್ಟವನಲ್ಲ, ಅವಸರದವನು. ಗೊಣಗುತ್ತಲೇ ಕಾಗದ ಮಸ್ಕತಿಗೆ ಕಳಿಸಿದ. ಚಳಿ ಹಿಡಿಯುವ ಹೊತ್ತಿಗೆ ಸಿಕ್ಕಾ ಬಿದ್ದು ಬಂತು, ವಲಸೆ ಕಚೇರಿಯ ಒಪ್ಪಿಗೆಯೂ ಸಿಕ್ಕಿತು. ಆಪಾ ವಿಮಾನ ಹತ್ತಿದಳು.

ಮಸ್ಕತಿನ ಮನೆಯೊಡತಿ ಸಾಲಿಯಲ್ಲಿ ಕಲಿಸುವವಳು. ಅವಳಿಗೆ ಉರ್ದು ಅಷ್ಟಿಷ್ಟು ಬರುತ್ತಿತ್ತು. ಹೋದ ದಿನವೇ ಆಪಾ ಫೋನು ಕೇಳಿದಾಗ ಅವಳು ಕಣ್ಣರಳಿಸಿ ನೋಡಿ, ಆಮೇಲೆ ನಕ್ಕು, ಗಂಡನಿಂದ ಒಂದು ಸಣ್ಣ ಕರಿ ಮೊಬೈಲು ಕೊಡಿಸಿದಳು. ಶುಕ್ರವಾರಕ್ಕೊಮ್ಮೆ ನನ್ನ ಅಂಗಡಿಗೆ ಫೋನು ಬರುತ್ತಿತ್ತು. ಇಷ್ರತ ಕಾಲೇಜು ಮುಗಿದ ಕೂಡಲೇ ಓಡಿ ಬಂದು ತಕ್ಕಡಿಯ ಪಕ್ಕ ನಿಂತಿರುತ್ತಿದ್ದಳು.

“ಇಲ್ಲಿ ಲೋಬಾನ ಗಿಡದಿಂದನs ಸಿಗತೈತಂತ್ರಿ! ನಾವು ಚಿವುಟಿ ಚಿವುಟಿ ಹಾಕತಿದ್ವಿ, ಇವರು ಬೊಗಸಿಲೇ ಕೆಂಡಕ್ಕ ಹಾಕತಾರ” ಎಂದು ಆಪಾ ಕೂಗಿದ್ದು ನನಗಿನ್ನೂ ಕಿವಿಯಲ್ಲಿದೆ.

ಬ್ಯಾಸಗಿ ಶುರುವಾದಾಗ ಒಂದು ಮಧ್ಯಾಹ್ನ ಅಡಿಗೆಮನೆಯ ಕಿಟಕಿಯಲ್ಲಿ ಆಪಾಗೆ ಅಳು ಕೇಳಿಸಿತು. ಕೆಳಗಿನ ಮಹಡಿಯ ಮನೆಯಿಂದ. ಬಗ್ಗಿ ನೋಡಿದರೆ ಒಂದು ಹುಡುಗಿ. ಕಿಟಕಿಯಿಂದಲೇ ಉರ್ದುವಿನಲ್ಲಿ ಮಾತಾಡಿಸಿದಾಗ ಎಲ್ಲ ತಿಳಿಯಿತು. ಕಡಪಾದ ಕಡೆಯವಳು, ಹೆಸರು ಅಂಜುಮ. ಮೂವತ್ತು ತುಂಬದ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ ಕಳಿಸುವಂತಿಲ್ಲ, ಅವಳಿಗಿನ್ನೂ ತುಂಬಿರಲಿಲ್ಲ. ಅದಕ್ಕೇ ಅವಳ ಊರಿನ ಏಜೆಂಟ ಅವಳನ್ನು ವಿಜಿಟ್ ವೀಸಾದ ಮೇಲೆ ಸಾಗಿಸಿದ್ದ. ಕರಾರಿಲ್ಲ, ಫೋನಿಲ್ಲ. ಮನೆಯವರು ಹೊರಗಿನಿಂದ ಕೀಲಿ ಹಾಕಿ ಹೋಗುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ತಗುಲಿ ಕೈ ಸುಟ್ಟಿತ್ತು, ದವಾಖಾನೆಗೆ ಒಯ್ದಿರಲಿಲ್ಲ.

ಆಪಾ ಬಾಯಿಪಾಠದ ನಂಬರಿಗೆ ಫೋನು ಹಚ್ಚಿದಳು. ಅತ್ತ ಕಡೆಯವರು ಸಾವಧಾನವಾಗಿ ಕೇಳಿ, “ಆ ಹುಡುಗಿ ತಾನೇ ಮಾತಾಡಲಿ” ಎಂದರು. ಕೂಸುಗಳಿಗೆಂದು ತಾನೇ ಹೊಲಿದು ಒಯ್ದಿದ್ದ ಕುಂಚಿಗೆಯೊಳಗೆ ಮೊಬೈಲನ್ನಿಟ್ಟು, ಬಟ್ಟೆ ಒಣಹಾಕುವ ಹಗ್ಗಕ್ಕೆ ಕಟ್ಟಿ, ಆಪಾ ಕಿಟಕಿಯಿಂದ ಕೆಳಗಿಳಿಸಿದಳು. ಅಂಜುಮ ಸುಡದ ಕೈಯಿಂದ ಅದನ್ನು ಹಿಡಿದುಕೊಂಡಳು. ಮೊದಲು ಕಚೇರಿಯವರ ಜೊತೆ ಮಾತಾಡಿದಳು. ಆಮೇಲೆ, ಆಪಾ ಮೇಲಿನಿಂದ ಸನ್ನೆ ಮಾಡಿದ್ದಕ್ಕೆ, ತನ್ನ ತಾಯಿಯ ಜೊತೆ.

ಹಗ್ಗ ಮೇಲೆ ಸೇದುವಾಗ ಹಿಂದೆ ಮನೆಯೊಡತಿ ನಿಂತಿದ್ದಳು.

ಆಪಾ ಆಮೇಲೆ ನನಗೆ ಹೇಳಿದಳು. “ಇನ್ನ ನನ್ನ ಗಂಟುಮೂಟಿ ಕಟ್ಟಸ್ತಾಳ ಅಂದಕೊಂಡೆ. ‘ನನಗ್ಯಾಕ ಮೊದಲ ಹೇಳಲಿಲ್ಲ’ ಅಂದ್ಲು. ‘ನೀವು ಬ್ಯಾಡ ಅಂದಿದ್ರ ನಾ ಏನ್ ಮಾಡಬೇಕಿತ್ರಿ’ ಅಂದೆ. ಆಕಿ ಕಿಟಕಿ ತನಕಾ ಬಂದು ಕೆಳಗ ಬಗ್ಗಿ ನೋಡಿದ್ಲು. ಆಮ್ಯಾಲ ‘ಆ ಅಳು ನನಗೂ ಕೇಳಿಸ್ತಿತ್ತು’ ಅಂದ್ಲ್ರಿ.”

ಮರುದಿನ ಕಚೇರಿಯವರು ಪೋಲೀಸರೊಡನೆ ಬಂದಾಗ ಮನೆಯೊಡತಿ ತಾನೇ ಕೆಳಗಿಳಿದು ಹೋದಳು. ಅರಬ್ಬಿಯಲ್ಲಿ ಅದೇನು ಹೇಳಿದಳೋ ಆಪಾಗೆ ತಿಳಿಯಲಿಲ್ಲ. ಅಂಜುಮಳನ್ನು ಮೊದಲು ದವಾಖಾನೆಗೆ ಕರೆದೊಯ್ದರು. ಕೈ ಮಾಯ್ದ ಮೇಲೆ ಅವಳು ಊರಿಗೆ ಹೋದಳು. ಕೆಳಗಿನ ಮನೆಯವರ ಸಿಟ್ಟಿಗೆ ಹೆದರಿ ಆಪಾ ಸ್ವಲ್ಪ ದಿನ ಲಿಫ್ಟಿನಲ್ಲಿ ಒಬ್ಬಳೇ ಇಳಿಯುತ್ತಿರಲಿಲ್ಲ. ಒಡತಿಯೇ ಜೊತೆಗೆ ಬರುತ್ತಿದ್ದಳು.

ಎರಡು ವರ್ಷದ ಕರಾರು ಮುಗಿಸಿ ಆಪಾ ಮರಳುವಾಗ ಅವಳಿ ಹುಡುಗರು ಅವಳ ಸೆರಗು ಹಿಡಿದು ವಿಮಾನ ನಿಲ್ದಾಣದಲ್ಲಿ ರಂಪ ಮಾಡಿದರಂತೆ. ಮುಂಬಯಿಯಲ್ಲಿ ಇಳಿದವಳು ಊರಿನ ಕಡೆ ಬರಲಿಲ್ಲ. ಖರ್ಜೂರದ ಡಬ್ಬಿ ಹಿಡಿದು ನೇರ ವಲಸೆ ಕಚೇರಿಗೆ ಹೋದಳು. ಕನ್ನಡಕದ ಸಾಹೇಬಳಿಗೆ ವರ್ಗವಾಗಿತ್ತು. ಎಲ್ಲಿಗೆ ಎಂದು ಹೇಳುವವರಿಲ್ಲ. ಹೆಸರನ್ನಾದರೂ ಕೇಳಿಕೊಂಡಳು, ಯಾರೋ ಹೇಳಿದರು, ರೈಲು ಹತ್ತುವಷ್ಟರಲ್ಲಿ ಮರೆತುಹೋಯಿತು. ಡಬ್ಬಿಯನ್ನು ಕಚೇರಿಯಲ್ಲಿಯೇ ಬಿಚ್ಚಿ ಸರತಿಯಲ್ಲಿ ಕುಳಿತಿದ್ದ ಹೆಣ್ಣುಮಕ್ಕಳಿಗೆಲ್ಲ ಹಂಚಿದಳು.

“ಹೆಸರು ಮರತೆನಲ್ರಿ, ಎಂಥಾ ಗೇಡಿ ನಾ!” ಎಂದು ನನ್ನೆದುರು ಹಣೆ ಬಡಿದುಕೊಂಡಳು. “ದುವಾ ಮಾಡುವಾಗ ಕನ್ನಡಕದಾಕಿ ಅಂತ ಅಂತೇನಿ. ಅಲ್ಲಾಗ ತಿಳೀತೈತಿ ಬಿಡ್ರಿ.”

ಇಷ್ರತ ಗದಗಿನಲ್ಲಿ ನರ್ಸಿಂಗ್ ಸೇರಿದಳು. ಆಪಾ ಮತ್ತೆ ಹೋಗಲಿಲ್ಲ. ಹೋಗಬಾರದೆಂದಲ್ಲ, ಹೋದ ಕೆಲಸ ಆಯಿತೆಂದು. ಆದರೆ ಶಿರೋಳ, ಚಿಕ್ಕನರಗುಂದದ ಹೆಣ್ಣುಮಕ್ಕಳು ಬಸ್ಸಿಳಿದು ಅವಳ ಮನೆ ಕೇಳಿಕೊಂಡು ಬರತೊಡಗಿದರು.

ಕಳೆದ ವಾರ ಶಿರೋಳದ ಕಳಕವ್ವ ಬಂದಿದ್ದಳು. ಅಡಿಗೆ ಕೆಲಸಕ್ಕೆ ಕುವೈತಿಗೆ ಕರೆ ಬಂದಿದೆಯಂತೆ.

“ಹೋಗ್ಲ್ಯೋ ಬ್ಯಾಡೋ, ನೀನs ಹೇಳವಾ” ಎಂದಳು.

“ಅದನ್ನ ನಾ ಹೇಳಂಗಿಲ್ಲಬೇ. ಮೊದಲ ಚಾ ಕುಡಿ” ಎಂದು ಆಪಾ ಅವಳನ್ನು ಕಟ್ಟೆಯ ಮೇಲೆ ಕೂರಿಸಿದಳು. ಪಾಸಪೋರ್ಟು ತೆಗೆಸಿಕೊಂಡು ನೋಡಿದಳು. ಕರಾರು ಎಲ್ಲಿ, ಸಿಕ್ಕಾ ಯಾರದು, ಮನೆಯಲ್ಲಿ ಎಷ್ಟು ಮಂದಿ ಎಂದು ಒಂದೊಂದಾಗಿ ಕೇಳುತ್ತ ಹೋದಳು. ನಾನು ಅಂಗಡಿಯಿಂದ ಸಕ್ಕರೆ ಕಳಿಸಿದೆ.